ಬೇಲೆಕೇರಿಯಿಂದ ತದಡಿಗೆ ಹಾಯಿ ಕಟ್ಟಿ ಹೋಗಿ ಬಂದೆ

"ತಮಾ, ಹಾಯಿ ನಮ್ಮ ಅಪ್ಪನ ಕಾಲಕ್ಕೇ ಮುಗೀತು. ಸುಮ್ನೆ ಪೆಟ್ರೋಲ್ ಹಾಕು" ಅಂತ ದಂಡೆಯಲ್ಲಿ ಎಲ್ಲರೂ ನಕ್ಕಿದ್ದರು. ಈ ಜನವರಿಯಲ್ಲಿ ಉತ್ತರ ಕನ್ನಡದ ಬೇಲೆಕೇರಿಯಿಂದ ಹಾಯಿ ಮೇಲೇ ದಕ್ಷಿಣಕ್ಕೆ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ತದಡಿಗೆ ಹೋಗಿ, ಒಂದು ರಾತ್ರಿ ನಿಂತು, ವಾಪಸ್ ಬಂದೆ. ಖರ್ಚಾದ ಪೆಟ್ರೋಲ್ ಎರಡೂವರೆ ಲೀಟರ್. ಬರೀ ಎಂಜಿನ್ ಆಗಿದ್ದರೆ ಹದಿನೈದಾದರೂ ಬೇಕಿತ್ತು.

ನನ್ನದು 20 ಅಡಿಯ ಹಳೇ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ (ಹಿಂಬದಿಗೆ ಕಟ್ಟುವುದು). ಮೊದಲ ಹಾಯಿ ನೀಲಿ ಟಾರ್ಪಾಲು. ಎರಡೇ ದಿನಕ್ಕೆ ಹರಿಯಿತು, 1,800 ರೂಪಾಯಿ ನೀರಿಗೆ ಹೋಯಿತು. ಆಮೇಲೆ ಪುಕ್ಕಟೆ ಸಿಕ್ಕ ಫ್ಲೆಕ್ಸ್ ಬ್ಯಾನರ್ ಕಟ್ಟಿದೆ. ವಿಪರೀತ ಭಾರ. ಅದರ ಮೇಲೆ ಹಾಯಿ ತುಂಬ ಒಬ್ಬ ಪುಢಾರಿಯ ನಗು ಬೇರೆ! ಅಡಿಕೆ ಮರದ ಕಂಬ ಮೊದಲ ಜೋರುಗಾಳಿಗೇ ಮುರಿಯಿತು. ಈಗಿರುವುದು ಗಾಳಿಮರದ ಕಂಬ, ಅಡ್ಡಕ್ಕೆ ಬಿದಿರು, ಟೆಂಟಿನ ಪಾಲಿಯೆಸ್ಟರ್ ಬಟ್ಟೆ. ಬಟ್ಟೆಗೆ 9 ಸಾವಿರ, ಹೊಲಿಗೆಗೆ 2 ಸಾವಿರ, ಎಲ್ಲ ಸೇರಿ 28 ಸಾವಿರದ ಹತ್ತಿರ ಆಗಿರಬೇಕು. ಮನೆಯಲ್ಲಿ ಹೇಳಿದ್ದು 12. ಹಾಯಿಗೆ ಹೊಟ್ಟೆ (ಗಾಳಿ ತುಂಬುವ ಉಬ್ಬು) ಎಷ್ಟು ಬಿಟ್ಟೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ನಾಲ್ಕು ಸಲ ಬಿಚ್ಚಿ ಹೊಲಿದು ಕಂಡುಕೊಂಡದ್ದು ಅದು.

ಹೋದ ವರ್ಷ ಎರಡು ಸಲ ಸೋತಿದ್ದೆ. ಮೊದಲನೆಯ ಸಲ ವಾಯವ್ಯದ ಗಾಳಿಯನ್ನು ಸರಿಯಾಗಿ ಬೆನ್ನಿಗಿಟ್ಟುಕೊಂಡು ಹೊರಟೆ. ಗಂಗಾವಳಿ ಅಳಿವೆಯ ಎದುರು ಹಾಯಿ ಧಡಕ್ಕನೆ ಇನ್ನೊಂದು ಮಗ್ಗುಲಿಗೆ ಹೊರಳಿತು. ಬಿದಿರು ತಲೆಗೆ ಬಡಿಯಿತು, ಮೂರು ಹೊಲಿಗೆ. ಈಗ ಗಾಳಿ ಓರೆಯಾಗಿ ಸಿಗುವ ಹಾಗೆ ಮೊದಲು ಹೊರಗಡಲಿಗೆ ಹೋಗಿ, ಗೋಕರ್ಣ ದಾಟುವಾಗ ಒಳಕ್ಕೆ ತಿರುಗಿಸುತ್ತೇನೆ. ದಾರಿ ಸ್ವಲ್ಪ ಜಾಸ್ತಿ, ತಲೆ ಕ್ಷೇಮ.

ಎರಡನೆಯ ಸಲ ಅಘನಾಶಿನಿಯ ಅಳಿವೆ ತಲುಪಿದಾಗ ಇಳಿತ. ಹೊರಬರುವ ನೀರು, ಒಳನುಗ್ಗುವ ಗಾಳಿ. ಅಲೆ ಗೋಡೆಯ ಹಾಗೆ ಎದ್ದು ನಿಂತಿತು. ಎಂಜಿನ್‌ಗೆ ನೀರು ಹೊಕ್ಕಿತು. ಎಳೆದು ತಂದ ಮೀನುಗಾರರು ಒಂದು ರೂಪಾಯಿ ಕೇಳಲಿಲ್ಲ, ಬೈದದ್ದು ಮಾತ್ರ ಧಾರಾಳ.

ಆಮೇಲೆ ಗಾಳಿ ಬಿಟ್ಟು ಪಂಚಾಂಗ ಹಿಡಿದೆ. ಅಮಾವಾಸ್ಯೆ, ಹುಣ್ಣಿಮೆಯ ಸೆಳೆತ ಬೇಡ. ಷಷ್ಠಿ-ಸಪ್ತಮಿಯ ಸುಮಾರಿಗೆ ಸಂಜೆ ನಾಲ್ಕರ ಹತ್ತಿರ ಭರತ (ಉಬ್ಬರ) ತುಂಬುತ್ತದೆ. ಮಧ್ಯಾಹ್ನ ಹನ್ನೆರಡರ ಮೇಲೆ ಕಡಲ ಗಾಳಿ ಎದ್ದ ಕೂಡಲೇ ಹೊರಟರೆ ತುಂಬುವ ನೀರಿನ ಜೊತೆಗೇ ಅಳಿವೆಯ ಒಳಗೆ. ಮುಂದಿನ ಭರತ ಸುಮಾರು ಹನ್ನೆರಡೂವರೆ ಗಂಟೆ ಬಿಟ್ಟು. ಅಂದರೆ ಬೆಳಗಿನ ಜಾವ ನಾಲ್ಕೂವರೆಯ ಮೇಲೆ ಇಳಿತವೇ ಹೊರಗೆ ಕರೆದುಕೊಂಡು ಹೋಗುತ್ತದೆ. ಅದೇ ಹೊತ್ತಿಗೆ ನೆಲದ ಕಡೆಯಿಂದ ಮೂಡಣ ಗಾಳಿ ಇರುತ್ತದೆ. ಇದೊಂದು ಹೊಂದಿದ್ದಕ್ಕೇ ಈ ಸಲ ಆದದ್ದು.

ತದಡಿ ಬಂದರಿನಲ್ಲಿ ದೊಡ್ಡ ಬೋಟುಗಳ ಸಾಲು ಬಿಟ್ಟು, ಸ್ವಲ್ಪ ಮೇಲಕ್ಕೆ ಲಂಗರು ಹಾಕಿದೆ. ಹಗ್ಗ ಉದ್ದ ಬಿಡಿ, ನೀರು ತಿರುಗಿದಾಗ ದೋಣಿಯೂ ತಿರುಗುತ್ತದೆ. ರಾತ್ರಿ ಬೆಳಚಿನ (ಚಿಪ್ಪುಮೀನಿನ) ಸುಕ್ಕ, ಅನ್ನ. ಅದಕ್ಕಾದರೂ ಇನ್ನೊಮ್ಮೆ ಹೋಗುತ್ತೇನೆ.

ಬರುವಾಗ ಬಲಗಡೆಯ ಗಾಳಿ ಚಪ್ಪಟೆ ತಳದ ದೋಣಿಯನ್ನು ಕಡಲಿಗೆ ಜಾರಿಸುತ್ತದೆ. ಹಳೇ ಬಾಗಿಲ ಹಲಗೆಯೊಂದನ್ನು ಎಡ ಮಗ್ಗುಲಿಗೆ ನೀರಿಗಿಳಿಯುವ ಹಾಗೆ ನೇತುಹಾಕಿದೆ. ಜಾರುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಎರಡು ಹಲಗೆ ಹಾಕಿಯೂ ನೋಡಿದ್ದೆ, ದೋಣಿ ಎಮ್ಮೆಯ ಹಾಗೆ ನಿಂತುಬಿಟ್ಟಿತ್ತು.

ಒಂಬತ್ತೂವರೆಗೆ ಗಾಳಿ ಬಿದ್ದಿತು. ಕೊನೆಯ ಮೂರ್ನಾಲ್ಕು ಕಿಲೋಮೀಟರ್ ಎಂಜಿನ್ ಹಾಕಿದೆ. ದಂಡೆಯಲ್ಲಿ ನಿಂತಿದ್ದವರು ಆ ಸದ್ದು ಕೇಳಿ, "ನೋಡು, ಎಂಜಿನ್ ಮೇಲೇ ಬಂದ" ಅಂದರು. ಟ್ಯಾಂಕ್ ಎತ್ತಿ ತೋರಿಸಿದೆ.