ಗುಜರೀಲಿ ಸಿಕ್ಕಿದ ಹಳೇ ಮದರ್‌ಬೋರ್ಡಿಗೆ ಕರೆಂಟ್ ಕೊಡೋ ಮೊದ್ಲು

ಕಾರವಾರದ ಗುಜರಿ ಅಂಗಡೀಲಿ ನಂಗೊಂದು 486 ಬೋರ್ಡ್ (ಹಳೇ ಕಾಲದ 486 ಪ್ರೊಸೆಸರ್ ಕಂಪ್ಯೂಟರಿನ ಮದರ್‌ಬೋರ್ಡ್) ಸಿಕ್ತು, ನಿಮಗೂ ಯಾರಿಗಾದ್ರೂ ಇಂಥದ್ದು ಸಿಕ್ರೆ ದಯವಿಟ್ಟು ಮನೆಗೆ ತಂದ ಕೂಡ್ಲೇ ಪವರ್ ಕೊಡ್ಬೇಡಿ. ಮೊದ್ಲು ಕೀಬೋರ್ಡ್ ಸಾಕೆಟ್ ಹತ್ರ ಸಣ್ಣ ಪೀಪಾಯಿ ಥರ ಇರೋ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ನೋಡಿ. ನನ್ನ ಬೋರ್ಡಲ್ಲಿ ಅದು ಸೋರಿ, ಮಳೆಗಾಲದ ಅಂಗಳದ ಕಲ್ಲಿನ ಮೇಲೆ ಪಾಚಿ ಕಟ್ಟಿದ ಹಾಗೆ ಸುತ್ತಲೂ ಹಸಿರು ಹಿಡಿದಿತ್ತು. ಕೈಗೆ ಗ್ಲೌಸ್ ಹಾಕಿ ಬ್ಯಾಟರಿ ಕಟ್ ಮಾಡಿ ತೆಗೀರಿ. ಸೋರಿರೋದು ಕ್ಷಾರ, ಬರೀ ಒರೆಸಿದ್ರೆ ಹೋಗಲ್ಲ, ಬಿಳಿ ವಿನೆಗರ್ ಹತ್ತಿ ಕಡ್ಡೀಲಿ ಹಚ್ಚಿ ಹಳೇ ಬ್ರಷ್‌ನಲ್ಲಿ ಉಜ್ಜಿ, ಡಿಸ್ಟಿಲ್ಡ್ ವಾಟರಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ. ನಮ್ಮ ಕಡಲ ಗಾಳೀಲಿ ತೇವ ಬೇಗ ಆರಲ್ಲ, ಎರಡ್ಮೂರು ದಿನ ಫ್ಯಾನ್ ಕೆಳಗಿಡಿ, ಅವಸರ ಬೇಡ.

ಆಮೇಲೆ ಮಲ್ಟಿಮೀಟರಲ್ಲಿ 5 ವೋಲ್ಟ್ ಮತ್ತೆ ಗ್ರೌಂಡ್ ಮಧ್ಯೆ ಶಾರ್ಟ್ ಇದ್ಯಾ ನೋಡಿ, 12 ವೋಲ್ಟಿಗೂ ನೋಡಿ, ಶಾರ್ಟ್ ಇದ್ರೆ ಹಳೇ ಟ್ಯಾಂಟಲಂ ಕೆಪಾಸಿಟರ್ ಮೇಲೇ ಮೊದ್ಲ ಅನುಮಾನ. ನಂದರಲ್ಲಿ ಅದೆಲ್ಲ ಸರಿ ಇತ್ತು ಆದ್ರೂ ಕೀಬೋರ್ಡ್ ಎರರ್ ಬರ್ತಿತ್ತು, ಲೆನ್ಸ್ ಹಿಡಿದು ನೋಡಿದ್ರೆ ಬ್ಯಾಟರಿ ಕೆಳಗಿನ ಕೂದಲೆಳೆಯಷ್ಟು ಟ್ರೇಸ್ (ಬೋರ್ಡ್ ಮೇಲೆ ಕರೆಂಟ್ ಹರಿಯೋ ತಾಮ್ರದ ಗೆರೆ) ಒಂದನ್ನ ಆ ಕ್ಷಾರ ತಿಂದು ಹಾಕಿತ್ತು! ತೆಳು ತಾಮ್ರದ ವೈರ್ ಬೆಸುಗೆ ಹಾಕ್ದೆ, ಎರರ್ ಹೋಯ್ತು.

ಮತ್ತೆ ತೆಗೆದ ಬ್ಯಾಟರಿ ಜಾಗದಲ್ಲಿ ಚಾರ್ಜ್ ಮಾಡಬಾರದ ಕಾಯಿನ್ ಸೆಲ್ (ನಾಣ್ಯದ ಥರದ ಚಪ್ಪಟೆ ಬ್ಯಾಟರಿ) ನೇರ ಹಾಕ್ಬೇಡಿ, ಬೋರ್ಡ್ ಅದನ್ನ ಚಾರ್ಜ್ ಮಾಡೋಕೆ ನೋಡುತ್ತೆ, ಮಧ್ಯೆ ಕರೆಂಟನ್ನ ಒಂದೇ ಕಡೆಗೆ ಬಿಡೋ ಡಯೋಡ್ ಒಂದು ಬೇಕೇ ಬೇಕು.