ಸೂಜಿ ಬೇಡ, ಬೆರಳಿನ ಬೆವರು ಸಾಕು: ನುಂಗಿದ ಮಾತ್ರೆ ಪತ್ತೆಯಾಗುವುದು ಹೀಗೆ

ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತಿರುತ್ತದೆ, ‘ಇನ್ಯಾಕೆ ಮಾತ್ರೆ’ ಅನಿಸುತ್ತದೆ. ಮಧ್ಯೆ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದಂತೆಯೂ ಆಗಬಹುದು.

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಹುಟ್ಟಿದ 99ಡಾಟ್ಸ್ ಎಂಬ ವ್ಯವಸ್ಥೆ, ರೋಗಿ ಮಾತ್ರೆ ಬಿಡದೆ ತೆಗೆದುಕೊಳ್ಳುತ್ತಿದ್ದಾರಾ ಎಂದು ತಿಳಿಯಲು ಒಂದು ದಾರಿ ತೋರಿಸಿತು. ಮಾತ್ರೆ ತೆಗೆದಾಗ ಪೊಟ್ಟಣದಲ್ಲಿ ಅಡಗಿದ ನಂಬರ್ ಕಾಣುತ್ತದೆ, ಅದಕ್ಕೆ ಕರೆ ಮಾಡಬೇಕು. ಆದರೆ ಗೊತ್ತಾಗುವುದು ಮಾತ್ರೆ ಹೊರಬಂದಿದ್ದು ಮಾತ್ರ, ಹೊಟ್ಟೆ ಸೇರಿದ್ದಲ್ಲ ಅಲ್ವಾ?

ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದವರು ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ಆಸ್ಪತ್ರೆಯ ಜೊತೆ ಸೇರಿ ಬೆರಳಿನ ಬೆವರಿನಲ್ಲಿ ಐಸೋನಿಯಾಜಿಡ್ ಎಂಬ ಕ್ಷಯದ ಔಷಧವನ್ನು ಹುಡುಕಿದರು. ಪರೀಕ್ಷೆ ಹೀಗೆ ಸಾಗುತ್ತದೆ.

1. ಹೊತ್ತು ನೋಡಿ. ಮಾತ್ರೆ ನುಂಗಿ 1ರಿಂದ 4 ಗಂಟೆಯೊಳಗೆ ಮಾದರಿ ಕೊಟ್ಟರೆ ಒಳ್ಳೆಯದು. ಔಷಧ ಮೊದಲು ರಕ್ತಕ್ಕೆ ಸೇರಿ, ಆಮೇಲೆ ಬೆವರಿಗೆ ಬರಬೇಕು.

2. ಕೈ ತೊಳೆಯಿರಿ. ಇಲ್ಲಿ ಸಡಿಲ ಬಿಟ್ಟರೆ ಪರೀಕ್ಷೆಯೇ ದಂಡ. ಮಾತ್ರೆ ಮುಟ್ಟಿದ ಬೆರಳಿಗೆ ಅದರ ಪುಡಿ ಅಂಟಿರುತ್ತದೆ. ನುಂಗದೆ ಸುಮ್ನೆ ಹಿಡಿದುಕೊಂಡವರ ಕೈಯಲ್ಲೂ ಔಷಧ ಸಿಕ್ಕಿಬಿಡುತ್ತದೆ.

3. ಬೆವರು ಬರಿಸಿ. ತೊಳೆದು ಒರೆಸಿದ ಕೈಗೆ ಆಸ್ಪತ್ರೆಯ ಗ್ಲೌಸ್ ಹಾಕಿಕೊಂಡು ಸ್ವಲ್ಪ ಹೊತ್ತು ಕೂರಬೇಕು. ಗಾಳಿಯಾಡದೆ ಬೆರಳು ತಾನಾಗಿ ಬೆವರುತ್ತದೆ.

4. ಕಾಗದದ ಮೇಲೆ ಒತ್ತಿ. ಇದಕ್ಕೆಂದೇ ಸಿದ್ಧಪಡಿಸಿದ ಚೌಕಾಕಾರದ ಕಾಗದದ ಮೇಲೆ ಬೆರಳ ತುದಿ ಒತ್ತಿದರೆ ರೋಗಿಯ ಕೆಲಸ ಮುಗಿಯಿತು. ನೋವಿಲ್ಲ, ರಕ್ತ ತೆಗೆಯಲು ನರ್ಸ್ ಬೇಕಿಲ್ಲ.

5. ಲ್ಯಾಬಿನ ಪಾಲು. ಕಾಗದದಿಂದ ಬೆವರಿನ ಅಂಶ ಬಿಡಿಸಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುತ್ತಾರೆ. ಅಣುಗಳನ್ನು ತೂಕದ ಮೇಲೆ ಗುರುತಿಸುವ ಯಂತ್ರ ಅದು. ಅಲ್ಲಿ ಐಸೋನಿಯಾಜಿಡ್ ಜೊತೆಗೆ ಅಸಿಟೈಲ್‌ಐಸೋನಿಯಾಜಿಡ್ ಕೂಡ ಹುಡುಕುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಇದೇ. ಈ ಎರಡನೆಯದು ಲಿವರ್ ಔಷಧವನ್ನು ಮಾರ್ಪಡಿಸುವಾಗ ಹುಟ್ಟುವ ವಸ್ತು. ಅದು ಬೆವರಿನಲ್ಲಿ ಸಿಕ್ಕಿತೆಂದರೆ ಮಾತ್ರೆ ಮೈಯೊಳಗೆ ಹೋಗಿದೆ ಎನ್ನಲು ಗಟ್ಟಿ ಸಾಕ್ಷಿ ಸಿಕ್ಕಂತೆ. ಕೆಲವರ ಲಿವರ್ ಈ ಕೆಲಸವನ್ನು ನಿಧಾನವಾಗಿ ಮಾಡುತ್ತದೆ, ಹಾಗಾಗಿ ಎರಡನ್ನೂ ನೋಡಬೇಕು.

ಬೆರಳೇ ಆಗಬೇಕೆಂದಿಲ್ಲ. ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತರಿಗೆ ಡೈಫೆನ್‌ಹೈಡ್ರಮೈನ್ ಎಂಬ ಅಲರ್ಜಿ ಔಷಧದ ಒಂದೇ ಡೋಸ್ ಕೊಟ್ಟು ನೋಡಿದರು. ಚರ್ಮದ ಮೇಲೆ ಹತ್ತಿ ಉಜ್ಜಿ ತೆಗೆದ ಮಾದರಿಗಳಲ್ಲೂ ಔಷಧ ಸಿಕ್ಕಿತು.

ಹಾಗಂತ ರಕ್ತಪರೀಕ್ಷೆಗೆ ಈಗಲೇ ರಜೆ ಕೊಡುವಂತಿಲ್ಲ. ಎಲ್ಲರ ಬೆರಳೂ ಒಂದೇ ಸಮ ಬೆವರುವುದಿಲ್ಲ. ಬೆವರು ಕಡಿಮೆಯಾದರೆ ಔಷಧವೂ ಕಡಿಮೆ ಕಾಣುತ್ತದೆ. ಆದ್ದರಿಂದ ‘ಇದೆಯಾ, ಇಲ್ವಾ’ ಎಂಬುದಕ್ಕೆ ಉತ್ತರ ಸುಲಭ, ‘ಎಷ್ಟಿದೆ’ ಎಂಬುದಕ್ಕೆ ಕಷ್ಟ. ಗ್ರೋನಿಂಗೆನ್‌ನಲ್ಲಿ ಪರೀಕ್ಷಿಸಿದ್ದೂ 10 ರೋಗಿಗಳನ್ನಷ್ಟೇ. ಇನ್ನೊಂದು ತೊಡಕೂ ಇದೆ. ಐಸೋನಿಯಾಜಿಡ್ ಮೈಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ವಾರವಿಡೀ ಮಾತ್ರೆ ಬಿಟ್ಟವರು ಪರೀಕ್ಷೆಯ ಬೆಳಿಗ್ಗೆ ಒಂದು ನುಂಗಿ ಬಂದರೂ ಪಾಸಾಗುತ್ತಾರೆ. ಇದನ್ನು ಹಿಡಿಯಬೇಕೆಂದರೆ ಮೊದಲೇ ಹೇಳದೆ, ಬೇರೆಬೇರೆ ದಿನ ಮಾದರಿ ತೆಗೆಯಬೇಕಾಗುತ್ತದೆ.