ಜನರಿಲ್ಲದ ಊರಿನ ಫೋಟೊಗಳು: ಇಂಬರ್ ಹಳ್ಳಿಯ ನೆನಪುಗಳನ್ನು ಕಲೆಹಾಕಿದ ನನ್ನ ಅನುಭವ

ಇಂಗ್ಲೆಂಡಿನ ವಿಲ್ಟ್‌ಶೈರ್ ಕೌಂಟಿಯಲ್ಲಿ, ಸಾಲ್ಸ್‌ಬರಿ ಬಯಲಿನ ನಡುವೆ, ಇಂಬರ್ ಎಂಬ ಹಳ್ಳಿಯಿದೆ. ಅಲ್ಲಿ ಈಗ ಯಾರೂ ವಾಸವಾಗಿಲ್ಲ. 1943ರ ನವೆಂಬರ್ 1ರಂದು ಊರಿನವರನ್ನು ಶಾಲೆಯ ಕೋಣೆಗೆ ಕರೆಸಿ, ಅಮೆರಿಕದ ಸೈನಿಕರ ತರಬೇತಿಗೆ ಜಾಗ ಬೇಕಾಗಿದೆ, ಡಿಸೆಂಬರ್ 17ರೊಳಗೆ ಮನೆಗಳನ್ನು ತೆರವು ಮಾಡಬೇಕು ಎಂದು ತಿಳಿಸಲಾಯಿತು. ಸುತ್ತಲಿನ ಜಮೀನನ್ನೂ ಊರಿನ ಬಹುತೇಕ ಮನೆಗಳನ್ನೂ 1920ರ ದಶಕದ ಕೊನೆಯಿಂದಲೇ ಯುದ್ಧ ಇಲಾಖೆ ಕೊಳ್ಳುತ್ತ ಬಂದಿದ್ದರಿಂದ, ಅಲ್ಲಿದ್ದವರಲ್ಲಿ ಹೆಚ್ಚಿನವರು ಆ ಹೊತ್ತಿಗೆ ಸರ್ಕಾರದ ಬಾಡಿಗೆದಾರರೇ ಆಗಿದ್ದರು. ಯುದ್ಧ ಮುಗಿದ ಮೇಲೆ ಮರಳಬಹುದೆಂದು ನಂಬಿ ಹೊರಟವರಿಗೆ ಮರಳಲು ಅವಕಾಶ ಸಿಗಲೇ ಇಲ್ಲ. ಸಂತ ಗೈಲ್ಸ್ ಚರ್ಚು ಉಳಿದಿದೆ, ಹಳೆಯ ಮನೆಗಳು ಹೆಚ್ಚಿನವು ನೆಲಸಮವಾಗಿವೆ. ಇಂದಿಗೂ ಅದು ಸೇನೆಯ ತರಬೇತಿ ಪ್ರದೇಶವಾಗಿದ್ದು, ವರ್ಷದಲ್ಲಿ ಕೆಲವೇ ದಿನ ಜನಸಾಮಾನ್ಯರಿಗೆ ದಾರಿ ಬಿಡುತ್ತಾರೆ.

ಉದ್ಯೋಗಕ್ಕೆಂದು ಈ ಕೌಂಟಿಗೆ ಬಂದ ನನಗೆ, ನೆರೆಯ ಹಳ್ಳಿಯೊಂದರ ಸ್ಥಳೀಯ ಇತಿಹಾಸದ ಗುಂಪು ಪರಿಚಯವಾದದ್ದು ಸ್ಕ್ಯಾನರಿನ ಮೂಲಕ. ಅವರಿಗೆ ಅದನ್ನು ನಡೆಸಬಲ್ಲವರು ಬೇಕಾಗಿತ್ತು. ಇಂಬರ್ ಬಿಟ್ಟು ಸುತ್ತಲಿನ ಊರುಗಳಲ್ಲಿ ನೆಲೆನಿಂತ ಕುಟುಂಬಗಳ ಆಲ್ಬಮ್ಮುಗಳು ಒಂದೊಂದಾಗಿ ನನ್ನ ಮೇಜಿಗೆ ಬರತೊಡಗಿದವು. ಪರದೇಶದವನಾದದ್ದು ಇಲ್ಲಿ ಅನುಕೂಲಕ್ಕೇ ಬಂತೆನ್ನಬೇಕು. ಸ್ಥಳೀಯರು ಸ್ಥಳೀಯರನ್ನು ಕೇಳದ ಪ್ರಶ್ನೆಗಳನ್ನು, ಅಂದರೆ ನೀರು ಎಲ್ಲಿಂದ ತರುತ್ತಿದ್ದಿರಿ, ರೊಟ್ಟಿ ಯಾರು ಸುಡುತ್ತಿದ್ದರು ಎಂಬಂಥವನ್ನು, ನಾನು ಸಂಕೋಚವಿಲ್ಲದೆ ಕೇಳಬಹುದಾಗಿತ್ತು. ಎಂಬತ್ತು ದಾಟಿದವರನ್ನೂ ಹೆಸರು ಹಿಡಿದು ಕರೆಯುವ ಅಲ್ಲಿನ ರೂಢಿ ಮಾತ್ರ ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ.

ಸ್ಕ್ಯಾನಿಂಗ್ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುದ್ರಿತ ಚಿತ್ರಗಳನ್ನು 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆಗಳಂತೆ), ಬೆಂಕಿಪೊಟ್ಟಣಕ್ಕಿಂತ ಸ್ವಲ್ಪವೇ ದೊಡ್ಡದಾದ ಪ್ರತಿಗಳನ್ನು 1200ರಲ್ಲಿ ಸ್ಕ್ಯಾನ್ ಮಾಡಿ ಟಿಫ್ ಕಡತವಾಗಿ ಇಡುತ್ತೇವೆ. ಆಲ್ಬಮ್ಮಿಗೆ ಅಂಟಿಸಿದ ಚಿತ್ರವನ್ನು ಕೀಳುವುದಿಲ್ಲ. ಬಿಡಿ ಚಿತ್ರವಾದರೆ ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡುತ್ತೇವೆ, ಏಕೆಂದರೆ ಕಾಲನಿರ್ಣಯದ ಅರ್ಧ ಕೆಲಸ ಆ ಹಿಂಬದಿಯಲ್ಲೇ ನಡೆಯುತ್ತದೆ.

ಪೋಸ್ಟ್‌ಕಾರ್ಡುಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬ್ರಿಟನ್ನಿನಲ್ಲಿ ಚಿತ್ರವಿರುವ ಕಾರ್ಡಿನ ಹಿಂಬದಿಯನ್ನು ವಿಳಾಸಕ್ಕೂ ಒಕ್ಕಣೆಗೂ ಎರಡು ಭಾಗ ಮಾಡಲು ಅನುಮತಿ ಸಿಕ್ಕಿದ್ದು 1902ರಲ್ಲಿ. ಆದ್ದರಿಂದ ನಡುವೆ ಗೆರೆಯಿರುವ ಕಾರ್ಡು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಅರ್ಧ ಪೆನ್ನಿಯ ಅಂಚೆಚೀಟಿಯಿದ್ದರೆ ಅದು 1918ರ ಜೂನ್‌ಗೆ ಮೊದಲು ರವಾನೆಯಾಗಿರುವ ಸಂಭವ ಹೆಚ್ಚು, ಏಕೆಂದರೆ ಆ ತಿಂಗಳು ದರ ಒಂದು ಪೆನ್ನಿಗೆ ಏರಿತು. ಆದರೆ ಅಂಚೆ ಮುದ್ರೆ ಹೇಳುವುದು ಕಾರ್ಡು ಯಾವಾಗ ಹೋಯಿತೆಂಬುದನ್ನು ಮಾತ್ರ. ಅಂಗಡಿಯ ಕಪಾಟಿನಲ್ಲಿ ಹತ್ತು ವರ್ಷ ಕುಳಿತ ಚಿತ್ರವೂ ಅಂದೇ ತೆಗೆದದ್ದೆಂಬಂತೆ ಕಾಣುತ್ತದೆ. ಮನೆಮಂದಿ ತೆಗೆದ ಚಿತ್ರಗಳ ಹಿಂದೆ ಬಾಲ್‌ಪಾಯಿಂಟ್ ಪೆನ್ನಿನ ಬರಹವಿದ್ದರೆ ನಾನು ಎಚ್ಚರವಾಗುತ್ತೇನೆ. ಆ ಪೆನ್ನು ಇಲ್ಲಿನ ಮನೆಗಳನ್ನು ಹೊಕ್ಕದ್ದು ಯುದ್ಧ ಮುಗಿದ ಮೇಲೆ. ಇಂಬರ್ ಚಿತ್ರದ ಹಿಂದೆ ಹಾಗೆ ಬರೆದಿದ್ದರೆ, ಅದು ಊರು ಬಿಟ್ಟ ನಂತರ ನೆನಪಿನಿಂದ ಬರೆದದ್ದೆಂದು ತಿಳಿಯಬೇಕು.

ಮುಂಬದಿಯಲ್ಲಿ ನಾನು ಮೊದಲು ನೋಡುವುದು ಮುಖಗಳನ್ನಲ್ಲ. ಮೋಟಾರು ವಾಹನಗಳಿಗೆ ನೋಂದಣಿ ಸಂಖ್ಯೆ ಕಡ್ಡಾಯವಾದದ್ದು 1904ರಿಂದ. ವಿಲ್ಟ್‌ಶೈರಿಗೆ ಮೊದಲು ಸಿಕ್ಕ ಅಕ್ಷರಗಳು ಎಎಂ, ಆಮೇಲೆ ಎಚ್‌ಆರ್ ಮುಂತಾದವು. ಕೌಂಟಿಯ ಯಾವ ಹಳ್ಳಿಯ ಚಿತ್ರದಲ್ಲೇ ಆಗಲಿ, ಎತ್ತರದ ಎಲ್ಮ್ ಮರಗಳ ಸಾಲು ತುಂಬು ಹಸಿರಾಗಿ ನಿಂತಿದ್ದರೆ ಅದು ಬಹುಮಟ್ಟಿಗೆ 1970ರ ದಶಕದ ಮಧ್ಯಭಾಗಕ್ಕಿಂತ ಹಿಂದಿನದು. ಆ ಮರಗಳಿಗೆ ಬಂದ ಶಿಲೀಂಧ್ರದ ರೋಗ ದಕ್ಷಿಣ ಇಂಗ್ಲೆಂಡನ್ನು ಆಗ ಬೋಳಾಗಿಸಿತು. ಇಂಬರಿನಲ್ಲಿ ಇನ್ನೊಂದು ಸುಳಿವೂ ಉಂಟು. ಬೀದಿಯ ಪಕ್ಕದಲ್ಲೇ ಒಂದು ಕಿರುತೊರೆಯಿತ್ತು. ಅಲ್ಲಿನ ನೆಲ ಸುಣ್ಣದಂಥ ಮೆದು ಬಿಳಿಕಲ್ಲಿನದಾದ್ದರಿಂದ, ಚಳಿಗಾಲದ ಮಳೆಗೆ ಅಂತರ್ಜಲ ಏರಿದಾಗ ಆ ತೊರೆ ಹರಿಯುತ್ತಿತ್ತು, ಬೇಸಿಗೆಯಲ್ಲಿ ಒಣಗುತ್ತಿತ್ತು. ತೊರೆಯಲ್ಲಿ ನೀರೂ ಮರದಲ್ಲಿ ಎಳೆಯ ಎಲೆಯೂ ಒಟ್ಟಿಗೆ ಕಂಡರೆ ಅದು ವಸಂತವೆಂದು ಬರೆದುಕೊಳ್ಳುತ್ತೇನೆ.

ಕಾಗದದ ಮೇಲೆ ಪ್ರಪಂಚದ ಅತ್ಯಂತ ಹಳೆಯ ನೆಗೆಟಿವ್‌ಗಳಲ್ಲೊಂದು, ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಫಾಕ್ಸ್ ಟಾಲ್ಬಟ್ 1835ರಲ್ಲಿ ಹಿಡಿದ ಕಿಟಕಿಯ ಚಿತ್ರ, ಇದೇ ಕೌಂಟಿಯ ಲೇಕಾಕ್‌ನದು. ಆದರೂ ಕೂಲಿಯವರ, ಕುರುಬರ ಮನೆಯವರು ತಾವೇ ತೆಗೆದ ಚಿತ್ರಗಳು ಸಿಗಲು 1900ರಲ್ಲಿ ಐದು ಶಿಲ್ಲಿಂಗಿನ ಬ್ರೌನಿ ಕ್ಯಾಮೆರಾ ಬರಬೇಕಾಯಿತು. ಊರು ತೆರವಾದ ಆ ಡಿಸೆಂಬರಿನ ಚಿತ್ರ ಮಾತ್ರ ಈ ಆಲ್ಬಮ್ಮುಗಳಲ್ಲಿ ನನಗೆ ಒಂದೂ ಸಿಕ್ಕಿಲ್ಲ. ಯುದ್ಧಕಾಲದಲ್ಲಿ ಫಿಲ್ಮ್ ಸುಲಭವಾಗಿ ಸಿಗುತ್ತಿರಲಿಲ್ಲ, ಸಿಕ್ಕಿದ್ದರೂ ಸಾಮಾನು ಕಟ್ಟುವವರಿಗೆ ಫೋಟೊ ತೆಗೆಯುವ ವ್ಯವಧಾನ ಎಲ್ಲಿಂದ ಬರಬೇಕು?

ನೆನಪುಗಳನ್ನು ಕೇಳುವಾಗ ನಾನು ಒಂದು ಕ್ರಮವನ್ನು ಬಿಡದೆ ಅನುಸರಿಸುತ್ತೇನೆ. ಮೊದಲ ಭೇಟಿಯಲ್ಲಿ ಫೋಟೊ ತೋರಿಸುವುದಿಲ್ಲ. ಚಿತ್ರ ಕಣ್ಣೆದುರು ಬಂದೊಡನೆ ನೆನಪು ಅದರ ಚೌಕಟ್ಟಿನೊಳಗೇ ಓಡಾಡತೊಡಗುತ್ತದೆ, ಚಿತ್ರದಲ್ಲಿಲ್ಲದ ಹಿತ್ತಲು, ವಾಸನೆ, ಜಗಳಗಳು ಹಿಂದೆ ಸರಿಯುತ್ತವೆ. ಆದ್ದರಿಂದ ಮೊದಲು ಬರಿಯ ಮಾತು. ಮನೆಬಾಗಿಲಿನಿಂದ ಶಾಲೆಗೆ ನಡೆದುಹೋಗಿ, ದಾರಿಯಲ್ಲಿ ಏನೇನು ಸಿಗುತ್ತದೆ ಹೇಳಿ ಎಂದು ಕೇಳುತ್ತೇನೆ. ಧ್ವನಿಮುದ್ರಣವನ್ನು ಎರಡನೆಯ ಭೇಟಿಗೆ ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಚಿತ್ರಗಳನ್ನು ಒಂದೊಂದಾಗಿ ಮುಂದಿಡುತ್ತೇನೆ.

ಒಮ್ಮೆ ಶಾಲಾ ಮಕ್ಕಳ ಗುಂಪು ಚಿತ್ರವೊಂದನ್ನು, ಹುಡುಗಿಯಾಗಿದ್ದಾಗ ಇಂಬರ್ ಬಿಟ್ಟ ವೃದ್ಧೆಯೊಬ್ಬರ ಮುಂದಿಟ್ಟೆ. ಮುಂದಿನ ಸಾಲಿನ ಹುಡುಗಿ ಇವರೇ ಎಂದು ಹಿಂದೆ ಬಾಲ್‌ಪಾಯಿಂಟಿನಲ್ಲಿ ಬರೆದಿತ್ತು. ಅವರು ಭೂತಗನ್ನಡಿಯನ್ನು ಮುಖದ ಮೇಲೆ ಹಿಡಿಯದೆ ಕೋಟಿನ ಮೇಲೆ ಹಿಡಿದರು. ಮೇಲಿನಿಂದ ಮೂರನೆಯ ಗುಂಡಿ ಉಳಿದವಕ್ಕಿಂತ ದೊಡ್ಡದಾಗಿ, ಕಪ್ಪಗೆ ಇತ್ತು. “ಇದು ನಾನಲ್ಲ, ನನ್ನಕ್ಕ. ಈ ಕೋಟು ನನಗೆ ಬರುವಾಗಲೂ ಅದೇ ಗುಂಡಿ ಇತ್ತು, ಅಮ್ಮ ಬದಲಾಯಿಸಲೇ ಇಲ್ಲ,” ಎಂದರು. ಅಕ್ಕ ಶಾಲೆ ಬಿಟ್ಟ ವರ್ಷ ಅವರಿಗೆ ಗೊತ್ತಿತ್ತು. ಹಾಗಾಗಿ ಆ ಚಿತ್ರದ ಕಾಲ ನಾವು ಅಂದುಕೊಂಡಿದ್ದಕ್ಕಿಂತ ಐದಾರು ವರ್ಷ ಹಿಂದಕ್ಕೆ ಹೋಯಿತು.

ಇಂಥ ಮಾತನ್ನೂ ದಾಖಲೆಯ ಪಕ್ಕದಲ್ಲಿಟ್ಟು ನೋಡುತ್ತೇನೆ. ಮನೆಗಳ ಜಾಗಕ್ಕೆ, ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ, ಒಂದು ಮೈಲಿಗೆ 25 ಅಂಗುಲದ ನಕ್ಷೆ ಇದೆ. ಅದರಲ್ಲಿ ಪ್ರತಿ ಮನೆಯೂ ಹೊರಬಾವಿಯೂ ಕಾಣುತ್ತವೆ. ಕಮ್ಮಾರ, ಅಂಗಡಿಕಾರ, ಹೆಂಡದಂಗಡಿಯವನ ಹೆಸರಿಗೆ, ಊರೂರಿನ ಕಸುಬುದಾರರನ್ನು ಪಟ್ಟಿಮಾಡುತ್ತಿದ್ದ ಕೆಲ್ಲಿಯ ಡೈರೆಕ್ಟರಿಗಳಿವೆ. ಜನಗಣತಿಯ ವಿಷಯದಲ್ಲಿ ಮಾತ್ರ ಇಂಬರಿನ ಅದೃಷ್ಟ ಚೆನ್ನಾಗಿಲ್ಲ. 1851ರಲ್ಲಿ 440 ಇದ್ದ ಜನಸಂಖ್ಯೆ 1931ರಲ್ಲಿ 152ಕ್ಕೆ ಇಳಿದಿತ್ತೆಂಬ ಮೊತ್ತ ಉಳಿದಿದೆ, ಆದರೆ ಆ 152 ಜನ ಯಾರೆಂದು ಹೇಳಬೇಕಾದ ಹಾಳೆಗಳು ಇಂಗ್ಲೆಂಡ್ ಮತ್ತು ವೇಲ್ಸಿನ ಇಡೀ ಗಣತಿಯೊಡನೆ 1942ರ ಡಿಸೆಂಬರಿನ ಬೆಂಕಿಯಲ್ಲಿ ಸುಟ್ಟುಹೋದವು. 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಹೀಗಾಗಿ 2022ರಲ್ಲಿ ಬಿಡುಗಡೆಯಾದ 1921ರ ಗಣತಿಯೂ ಯುದ್ಧ ಶುರುವಾದಾಗ ನಿವಾಸಿಗಳ ಹೆಸರು ಬರೆದುಕೊಂಡ 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ದಾಖಲಾತಿಯೂ ನಮಗಿರುವ ಎರಡು ದಡಗಳು. ನಡುವಿನ ಹದಿನೆಂಟು ವರ್ಷಗಳನ್ನು ಫೋಟೊ ಮತ್ತು ನೆನಪುಗಳಿಂದಲೇ ದಾಟಬೇಕು.

ಮೂಲ ಚಿತ್ರಗಳು ಆಯಾ ಮನೆಗಳಿಗೇ ಮರಳುತ್ತವೆ. ಮನೆಯವರ ಲಿಖಿತ ಒಪ್ಪಿಗೆಯಿಲ್ಲದೆ ಯಾವುದನ್ನೂ ಪ್ರದರ್ಶಿಸುವುದಿಲ್ಲ. ಛಾಯಾಗ್ರಾಹಕರ ಹಕ್ಕು ಅವರು ತೀರಿಕೊಂಡ ನಂತರವೂ 70 ವರ್ಷ ಇರುತ್ತದೆಂಬುದನ್ನು ಆಲ್ಬಮ್ಮಿನ ಒಡೆಯರಿಗೆ ವಿವರಿಸುವುದೇ ಕೆಲವೊಮ್ಮೆ ದೊಡ್ಡ ಕೆಲಸವಾಗುತ್ತದೆ.

ಚಿತ್ರದ ಅಡಿಬರಹದಲ್ಲಿ ನಾವು ಮೂರು ಬಗೆಯ ಮಾತುಗಳನ್ನು ಬೇರೆಬೇರೆಯಾಗಿ ಇಡುತ್ತೇವೆ: ದಾಖಲೆಯಿಂದ ಖಚಿತವಾದದ್ದು, ಚಿತ್ರವನ್ನು ನೋಡಿ ನಾವು ಊಹಿಸಿದ್ದು, ಮತ್ತು ಇಂಥ ಮನೆಯವರು ಹೇಳಿದ್ದು. ಒಂದು ಹುಲ್ಲುಮಾಡಿನ ಮನೆಯ ಬಗ್ಗೆ ಒಡಹುಟ್ಟಿದ ಇಬ್ಬರು ಹಿರಿಯರು ಒಪ್ಪುತ್ತಲೇ ಇಲ್ಲ. ಅಣ್ಣ ಅದು ತಮ್ಮದೆನ್ನುತ್ತಾರೆ, ತಂಗಿ ಪಕ್ಕದವರದೆನ್ನುತ್ತಾರೆ. ಗೋಡೆಗಳು ಒತ್ತಾಗಿ ಸೇರಿರುವುದರಿಂದ ನಕ್ಷೆಯೂ ಇಬ್ಬರನ್ನೂ ಅಲ್ಲಗಳೆಯುವುದಿಲ್ಲ. ಅಡಿಬರಹದಲ್ಲಿ ಎರಡೂ ಮಾತುಗಳು ಇವೆ.